ನಾನೇ ಪಾಸು ಮಾಡಿದ ಲಿಫ್ಟು

ಅಪ್ಪಾ,

ಮೇಲೆ ಹತ್ತಿ ನೋಡದೆ, ಕಟ್ಟಡದ ಕೆಳಗಿನ ಆಫೀಸಿನಲ್ಲಿ ಕೂತೇ ನಾನು ಪಾಸು ಮಾಡಿದ್ದ ಲಿಫ್ಟಿನಲ್ಲಿ ಇವತ್ತು ಮುಕ್ಕಾಲು ಗಂಟೆ ಸಿಕ್ಕಿಹಾಕಿಕೊಂಡಿದ್ದೆ. ಜೊತೆಗೆ ತರಕಾರಿ ಚೀಲ ಹಿಡಿದ ಅಜ್ಜಿಯೊಬ್ಬರಿದ್ದರು. ಗೋಡೆಯ ಮೇಲಿನ ತಪಾಸಣೆ ಪತ್ರವನ್ನು ಕನ್ನಡಕ ಏರಿಸಿ ಓದಿದರು. ಅದರಡಿ ಇದ್ದದ್ದು ನನ್ನ ಸಹಿ.

"ಇದನ್ನ ನೋಡ್ದೋನು ಕಣ್ಮುಚ್ಕೊಂಡು ನೋಡಿದ್ನೇನಪ್ಪಾ?"

"ಯಾರೋ ಏನೋ, ಅಜ್ಜಿ," ಅಂದೆ.

ಲಿಫ್ಟೆಂದರೆ ನಿನಗೆ ಹುಚ್ಚು. ನನ್ನ ಹಾಗೇ ತಪಾಸಣೆಯ ಕೆಲಸದಲ್ಲಿದ್ದ ನೀನು ಲಿಫ್ಟಿನ ಉಕ್ಕಿನ ಹಗ್ಗವನ್ನು ಬರಿಗೈಯಲ್ಲಿ ಸವರುತ್ತಿದ್ದೆ. ತುಂಡಾದ ಒಂದು ಎಳೆ ಚುಚ್ಚಿದರೂ ಸಹಿ ಹಾಕುತ್ತಿರಲಿಲ್ಲ. ಹಾಗೆ ಸಹಿ ಹಾಕದೆ ನೀನು ಕೆಲಸ ಕಳೆದುಕೊಂಡ ವರ್ಷ ನಾವು ಮೂರು ಮನೆ ಬದಲಿಸಿದೆವು. "ನಿನ್ನ ಸತ್ಯ ನಮ್ಮ ಹೊಟ್ಟೆ ತುಂಬಿಸುತ್ತಾ?" ಎಂದು ನಾನು ನಿನ್ನ ಮೇಲೆ ಕೂಗಾಡಿದ್ದೆ. ಸಾಯುವವರೆಗೂ ನೀನು ಆ ಮಾತು ಎತ್ತಲಿಲ್ಲ.

ಹೊರಗೆ ಬಂದಾಗ ಅಜ್ಜಿ ನನ್ನ ಕೈ ಹಿಡಿದು, "ನೀನಿದ್ದೆ ಅಂತ ಧೈರ್ಯ ಇತ್ತು ಮಗಾ," ಅಂದರು.

ಈಗ ಕಟ್ಟಡದ ಮ್ಯಾನೇಜರ್ ಎದುರಿಗೇ ನಿಂತಿದ್ದಾನೆ. "ರಿಪೇರಿ ಆಯ್ತು ಅಂತ ಒಂದು ಸಹಿ ಹಾಕ್ಬಿಡಿ ಸಾರ್. ನಿಮ್ಮ ಸಾಹೇಬ್ರೂ ಫೋನ್ ಮಾಡಿದ್ರು." ಹಗ್ಗವನ್ನು ಯಾರೂ ಮುಟ್ಟಿಲ್ಲ. ನನ್ನ ಮಗಳಿಗೆ ಈಗ, ನಿನ್ನ ಮೇಲೆ ಕೂಗಾಡಿದಾಗ ನನಗಿದ್ದ ವಯಸ್ಸು.

ಅವನು ಕೊಟ್ಟ ಪೆನ್ನಿನಲ್ಲೇ, ಅದೇ ಫಾರಂ ಹಿಂದೆ ನಿನಗೆ ಬರೆಯುತ್ತಿದ್ದೇನೆ. ವರದಿ ಅಂದುಕೊಂಡು ಅವನು ಕಾಯುತ್ತಿದ್ದಾನೆ. ಸಹಿಯ ಜಾಗ ಮುಂಬದಿಯಲ್ಲಿದೆ; ಇದು ಮುಗಿಯುವವರೆಗೆ ಹಾಳೆ ತಿರುಗಿಸಬೇಕಾಗಿಲ್ಲ.

ಇನ್ನು ಎರಡು ಸಾಲಿಗೆ ಮಾತ್ರ ಜಾಗವಿದೆ, ಅಪ್ಪಾ.