ಕೊನೆಯ ಮರಿ ದಾಟುವ ತನಕ

ಅವ್ವಾ,

ಖಾನಾಪುರ ರಸ್ತೆಯಲ್ಲಿ ಪೊಲೀಸರು ಜೀಪು ಜೋರಾಗಿ ಓಡಿಸುವ ತಾಲೀಮು ಮಾಡಬೇಕೋ ಬೇಡವೋ ಅಂತ ಇವತ್ತು ಊರಲ್ಲಿ ಸಭೆ ಸೇರಿತ್ತು. ನೀನು ಹೋದ ಮೇಲೆ ಅವರಿಗೆ ಈ ಅನುಮಾನ ಬಂದಿದೆ.

"ಕಳ್ಳರ ಬೆನ್ನು ಹತ್ತೂದು ಮತ್ತೆಲ್ಲಿ ಕಲೀಬೇಕ್ರಿ, ಮಾಸ್ತರ?" ಅಂದರು ಪೊಲೀಸ್ ಸಾಹೇಬರು.

"ಖಾಲಿ ಮೈದಾನದಾಗ ಕಲೀರಿ. ನಿಮಗ ಓಟದ ಪಾಠ, ನಮಗ ಗೋಳಾಟ" ಅಂದೆ. ಪ್ರಾಸಕ್ಕೆ ಮಂದಿ ನಕ್ಕರು. ನಿನಗೆ ಗುದ್ದಿದ ಜೀಪಿನ ಡ್ರೈವರ್ ನಗಲಿಲ್ಲ.

"ಹಾರನ್ ಹೊಡದೆರೀ. ಆಯಿ ಸರೀಲಿಲ್ಲ" ಅಂದ, ನಿನ್ನ ಬಗ್ಗೆ.

ಕೊನೆಯ ಕುರಿಮರಿ ದಾಟುವ ತನಕ ನೀನು ಕೋಲು ಅಡ್ಡ ಹಿಡಿದು ನಡುರಸ್ತೆಯಲ್ಲೇ ನಿಲ್ಲುವವಳು ಅಂತ ಬಸ್ಸಿನವರಿಗೆಲ್ಲ ಗೊತ್ತಿತ್ತು. ಅವನು ಹೊಸಬ.

ಸಂಜೆ ನಿನ್ನ ಕೋಲು ಹಿಡಿದು ನಾನೇ ಕುರಿ ದಾಟಿಸಿದೆ. ಕೊನೆಯ ಮರಿಯೂ ದಾಟಿತು.

"ಎಲ್ಲಾ ದಾಟ್ಯಾವಲ್ರೀ ಮಾಸ್ತರ, ಸರೀರಿ" ಅಂದ ಬೆಳಗಾವಿ ಬಸ್ಸಿನ ಡ್ರೈವರ್.

ನೀನು ನಿಲ್ಲುತ್ತಿದ್ದ ಜಾಗ ಬಿಟ್ಟು ಕಾಲು ಏಳಲಿಲ್ಲ, ಅವ್ವಾ.