ಪಟದಲ್ಲಿಲ್ಲದ ಪುಂಡಿ

ಕಂಗ್ಟಿ,
೨೭ ಮೇ ೨೦೧೨

ತಮ್ಮ ಶರಣಕುಮಾರ,

ತಾಂಡೂರಿನಲ್ಲಿ ನೀನು, ಹೆಂಡತಿ, ಮಗು ಸುಖವಾಗಿದ್ದೀರಿ ಅಂದುಕೊಂಡು ಬರೆಯುತ್ತಿದ್ದೇನೆ. ನಿನ್ನ ಎರಡು ಕಾಗದಕ್ಕೂ ಉತ್ತರ ಹಾಕಲಿಲ್ಲ, ತಪ್ಪಾಯಿತು. ಬರೆಯಲು ಕೂತಾಗಲೆಲ್ಲ ಸಿಟ್ಟು ಬಂದು ಹಾಳೆ ಹರಿದೆ. ಫೋನ್ ಮಾಡಿದರೆ ನೀನು ನಗುತ್ತೀ, ನೀನು ನಕ್ಕರೆ ನನಗೆ ಮಾತು ತಪ್ಪುತ್ತದೆ. ಏಳನೆಯ ಕ್ಲಾಸಿಗೆ ಶಾಲೆ ಬಿಟ್ಟವಳ ಅಕ್ಷರ, ಸೊಟ್ಟ ಇದ್ದರೂ ಪೂರ್ತಿ ಓದು.

ಹೋದ ವರ್ಷ ನಮ್ಮ ಮಹಿಳಾ ಸಂಘ ಹೊಸ ಕ್ಯಾಮೆರಾ ಕೊಂಡಾಗ ನನಗೆ ನಿದ್ದೆ ಬಂದಿರಲಿಲ್ಲ. ಇಪ್ಪತ್ನಾಲ್ಕು ಮೆಗಾಪಿಕ್ಸೆಲ್ಲು, ಕೈತಪ್ಪಿ ಬಿದ್ದರೆ ಏನು ಗತಿ! ಅದರಲ್ಲಿ ಅವ್ವನ ಹೊಲವನ್ನು ಗೋಡೆಯಷ್ಟು ದೊಡ್ಡ ಪಟ ಮಾಡಿ ಸಭಾಮನೆಯಲ್ಲಿ ಹಾಕಬೇಕೆಂದರು. ಯಾವ ಬೆಳೆ ಎಲ್ಲಿ ಬಿತ್ತುವುದು ಎಂದು ಹೊಸ ಸೊಸೆಯಂದಿರು ನೋಡಿ ಕಲಿಯಲಿ ಅಂತ. ನಾನು ಹಳೆಯ ಐವತ್ತು ಎಂ.ಎಂ. ಲೆನ್ಸೇ ಸಾಕೆಂದೆ. ಅದು ದೂರದ್ದನ್ನು ಹತ್ತಿರ ಎಳೆಯದು ನಿಜ, ಆದರೆ ನಡುವೆ ಎಷ್ಟು ಚೂಪೋ ಮೂಲೆಗೂ ಅಷ್ಟೇ ಚೂಪು.

ನೀನು ಏನಂದೆ? ನೆನಪಿದೆಯೇ? “ಅಕ್ಕಾ, ಹೊಸಾ ಕ್ಯಾಮೆರಾಕ್ಕ ಈ ಡಬ್ಬಿ ಹಚ್ತಿ ಏನು? ಮದಿಮಗಗ ಹರಕ್ ಚಪ್ಲಿ ಹಾಕ್ದಂಗ ಆತದ! ನನ್ ಜೂಮ್ ಒಯ್ಯಿ. ತಾಂಡೂರದಾಗ ನೂರ್ ಮದಿವಿ ತೆಗ್ದೀನಿ, ಯಾರರ ಒಂದ್ ಮಾತ್ ಅಂದಾರೇನು?”

ಮದುವೆಯಲ್ಲಿ ಮೂಲೆಗೆ ನಿಂತವರು ಯಾರೆಂದು ಯಾರೂ ಕೇಳುವುದಿಲ್ಲ ಕಣೋ. ಹೊಲದಲ್ಲಿ ಕೇಳುತ್ತಾರೆ.

ಸೆಪ್ಟೆಂಬರಿನ ಮೊದಲಿಗೆ ಬಂಡಿಯ ಮೇಲೆ ಸ್ಟ್ಯಾಂಡ್ ಇಟ್ಟು ನಿನ್ನ ಜೂಮಿನಲ್ಲೇ ತೆಗೆದೆ. ಕ್ಯಾಮೆರಾದ ಬೆನ್ನಿನ ಪುಟ್ಟ ಗಾಜಿನಲ್ಲಿ ಎಲ್ಲ ಚೆನ್ನಾಗಿ ಕಂಡಿತು. ಆಮೇಲೆ ತೆಲಂಗಾಣ ಬೇಕೆಂದು ಎಲ್ಲರೂ ಮುಷ್ಕರ ಹೂಡಿದ ಸಕಲ ಜನುಲ ಸಮ್ಮೆ. ನಾರಾಯಣಖೇಡದಿಂದ ಬಸ್ಸಿಲ್ಲ, ಹೈದರಾಬಾದಿನ ಲ್ಯಾಬಿಗೆ ಪಟ ಹೋಗಲಿಲ್ಲ. ಸಮ್ಮೆಯ ಮೇಲೆ ನನಗೆ ಸಿಟ್ಟಿಲ್ಲ, ನಾನೂ ರಸ್ತೆಗೆ ಕೂತವಳೇ. ದೀಪಾವಳಿ ಕಳೆದು ಪಟ ಬರುವ ಹೊತ್ತಿಗೆ ಸಜ್ಜೆ ಕೊಯ್ದಾಗಿತ್ತು, ದನ ತಡೆಯಲೆಂದು ಬದುವಿಗೆ ಬಿತ್ತಿದ್ದ ಪುಂಡಿ ಗಿಡ ಕಿತ್ತು ನಾರಿಗೆಂದು ನೀರಿಗೆ ಹಾಕಿಯಾಗಿತ್ತು.

ಪಟದ ನಡುವೆ ಸಜ್ಜೆಯ ತೆನೆಯಲ್ಲಿ ಒಂದೊಂದು ಕಾಳೂ ಕಾಣುತ್ತಿತ್ತು. ಮೂಲೆಗೆ, ಬದುವಿನ ಕಡೆ ಮಾತ್ರ ಕೆಂಪು ಕಲೆಸಿದ ಕೆಸರು. ಒಂದು ಕಡ್ಡಿ ಗುರುತಿಲ್ಲ. ಗೋಡೆಗೆ ತೆಲುಗು ಪೇಪರ್ ಹಚ್ಚಿ ಎರಡೂ ಲೆನ್ಸಿನಿಂದ ತೆಗೆದು ನೋಡಿದೆ. ನಿನ್ನ ಜೂಮಿನ ಬೆಳಕಿನ ಕಿಂಡಿ ಕಿರಿದು ಮಾಡಿ ಎಂಟಕ್ಕಿಟ್ಟೆ, ಹನ್ನೊಂದಕ್ಕಿಟ್ಟೆ, ಮೂಲೆಯ ಅಕ್ಷರ ನೀರಲ್ಲಿ ನೆನೆದ ಹಾಗೇ ಇತ್ತು. ನೀನು ‘ಡಬ್ಬಿ’ ಅಂದ ಐವತ್ತರ ಲೆನ್ಸಿನಲ್ಲಿ ನಾಲ್ಕೂ ಮೂಲೆ ಓದಲು ಬಂತು. ಕ್ಯಾಮೆರಾ ದೊಡ್ಡದಾದಷ್ಟೂ ಲೆನ್ಸಿನ ಹುಳುಕು ಬಯಲಾಗುತ್ತದೆ ಎಂಬುದು ಸ್ಟುಡಿಯೋ ಇಟ್ಟ ನಿನಗೆ ಗೊತ್ತಿರಲಿಲ್ಲವೇ?

ಸಂಕ್ರಾಂತಿಯ ಸಭೆಯಲ್ಲಿ ಪಟ ತೂಗುಹಾಕಿದರು. ಸಂಘದ ಬಾಳಮ್ಮ ಅವ್ವನ ಕಡೆ ತಿರುಗಿ ತಮಾಷೆಗೆ, “ಎಲ್ಲಮ್ಮಕ್ಕಾ, ಬದುವಿಗಿ ಏನೂ ಬಿತ್ತಿಲ್ಲಲಾ! ದನಕ್ಕ ದಾವತ್ ಕೊಟ್ಟೀದಿ ಏನು?” ಅಂದಳು. ಎಲ್ಲರೂ ನಕ್ಕರು. ಅವ್ವ ನಗಲಿಲ್ಲ. ಪಟದ ಹತ್ತಿರ ಹೋಗಿ ಮೂಲೆಯ ಮೇಲೆ ಅಂಗೈ ಸವರಿದಳು.

“ಸ್ವರೂಪಾ, ನನ್ ಪುಂಡಿ ಎಲ್ಲಿ ಹೋತವ್ವಾ? ನಾ ಬಿತ್ತಿಲ್ಲೇನು?”

ಸಿರ್ಗಾಪುರದ ತವರಿನಿಂದ ತಂದ ಬೀಜ ಅದು, ನಲವತ್ತು ವರ್ಷದಿಂದ ಅವಳೇ ಬದುವಿಗೆ ಹಾಕುತ್ತಾ ಬಂದದ್ದು. ಸಾರಿಗೆ ಎರಡು ಸಲ ಉಪ್ಪು ಹಾಕುತ್ತಿದ್ದವಳು, ಕೀಲಿ ಎಲ್ಲಿಟ್ಟೆನೆಂದು ಹುಡುಕುತ್ತಿದ್ದವಳು ಈಗ ಪಟವನ್ನೇ ನಂಬಿದ್ದಾಳೆ. ಆ ಪುಂಡಿಯ ನಾರಿನಿಂದಲೇ ಹೊಸೆದು ಮನೆಯಲ್ಲಿಟ್ಟ ಹೊಸ ಹಗ್ಗ ತೋರಿಸಿದೆ. “ಅದು ಹ್ವಾದ್ ವರ್ಷದ್ದು. ನೀ ನನಗ ಸಮಾಧಾನಾ ಹೇಳ್ಲಕತ್ತಿ” ಅಂದಳು. ಪೇಪರಿನ ಫೋಟೋ ತೋರಿಸಿದೆ, ಅಕ್ಷರ ಬಾರದವಳಿಗೆ ಅದೇನು ತಿಳಿಯುತ್ತದೆ? ನಿನ್ನೆ ಬೀಜದ ಬುಟ್ಟಿಯನ್ನು ಬಾಳಮ್ಮನ ಮನೆಗೆ ಕಳಿಸಿಬಿಟ್ಟಳು. “ನನಗ ನೆಪ್ಪಿಲ್ಲ. ನೀವರ ಬಿತ್ರಿ” ಅಂದಳಂತೆ.

ಬಿತ್ತನೆಯ ಮಿರುಗ ಮಳೆಗೆ ಇನ್ನು ಹತ್ತೇ ದಿನ. ಮದುವೆ ಸೀಜನ್ ಅಂತ ಆ ಜೂಮು ವಾಪಸ್ ಒಯ್ದೆಯಲ್ಲ, ಅದನ್ನು ತೆಗೆದುಕೊಂಡು ಬಾ. ಅವ್ವನನ್ನು ಬದುವಿನ ತುದಿಗೆ ನಿಲ್ಲಿಸು. ಪಟದ ಮೂಲೆಗೆ ಅವಳು ಬರುವ ಹಾಗೆ ತೆಗೆ, ದೊಡ್ಡದು ಮಾಡಿ ತೋರಿಸು. ಅವಳ ಮುಖವೂ ಪುಂಡಿಯ ಹಾಗೆ ಕಲೆಸಿಹೋಗಲಿ. ತಾನು ಅಲ್ಲೇ ನಿಂತಿದ್ದೆ ಎಂಬುದನ್ನಾದರೂ ಅವಳು ಮರೆತಿರಲಾರಳು. ನನ್ನ ಮಾತು ನಂಬುವುದಿಲ್ಲ, ಸ್ಟುಡಿಯೋ ಇಟ್ಟ ಮಗನದು ನಂಬುತ್ತಾಳೆ. ಬರದಿದ್ದರೆ ನನ್ನನ್ನು ಅಕ್ಕ ಅನ್ನಬೇಡ.

ಮಗುವಿನ ಕೆಮ್ಮು ಹೇಗಿದೆ? ಬಿಸಿಲಲ್ಲಿ ತಿರುಗಿಸಬೇಡ. ನಿನ್ನ ಮನೆ ತಣ್ಣಗಿರಲಿ, ಎಷ್ಟೇ ಸಿಟ್ಟಿದ್ದರೂ ಇದನ್ನು ಬರೆಯದೆ ಇರಲಾರೆ.

ನಿನ್ನ ಅಕ್ಕ,
ಸ್ವರೂಪಾ

ತಾ.ಕ.: ಇದನ್ನು ಬರೆಯಬಾರದೆಂದು ಕಾಗದ ಮಡಚಿದ್ದೆ, ಮತ್ತೆ ಬಿಚ್ಚಿದೆ. ಆ ದಿನ ಬಂಡಿಯ ಮೇಲೆ ಐವತ್ತರ ಲೆನ್ಸು ನನ್ನ ಚೀಲದಲ್ಲೇ ಇತ್ತು. ಎರಡು ಸಲ ಕೈಗೆ ತೆಗೆದುಕೊಂಡೆ. ಓದಿದವನು ಹೇಳಿದ್ದಾನೆ, ನನಗೇನು ಗೊತ್ತು ಎಂದು ಎರಡು ಸಲವೂ ಒಳಗಿಟ್ಟೆ. ಅವ್ವನಿಗೆ ಇದನ್ನು ನೀನು ಹೇಳಬೇಡ. ನಾನೇ ಹೇಳುತ್ತೇನೆ, ನೀನು ಪಕ್ಕದಲ್ಲಿ ಕೂತಿರು.