ಸೊನ್ನೆ ನೋಡಿ ನಗಬೇಡಿ

ರೀ,

ಹುಣಸಮಾರನಹಳ್ಳಿಗೆ, ಅಮ್ಮನ ಮನೆಗೆ ಹೊರಟೆ. ಸಾರು ಮಾಡಿಟ್ಟಿದೀನಿ. ಅನ್ನ ನೀವೇ ಮಾಡಿ ಅತ್ತೆಗೂ ಬಡಿಸಿ. ಆ ಗೇಮಲ್ಲಿ ನಾನು ಗೆದ್ದರೆ ಅಡುಗೆ ನಿಮ್ಮದು ಅಂದವರು ನೀವೇ ತಾನೆ?

ಪಕ್ಕದ ಮನೆ ರಹಮತುಲ್ಲಾ ಅಣ್ಣ ದುಬೈಯಿಂದ ತಂದುಕೊಟ್ಟ, ಬೀಳೋ ಮೊಟ್ಟೆ ಹಿಡಿಯೋ ಅಂಗೈಯಗಲದ ವಿಡಿಯೋ ಗೇಮು, "ಇದು ಯಾರ ಕೈಲೂ ಆಗಲ್ಲ" ಅಂತ ಅಕ್ಕಿ ಡಬ್ಬಕ್ಕೆ ಎಸೆದಿರಲ್ಲ, ತೆಗೆದು ಆಡಿದೆ. ಸೋತೂ ಸೋತೂ ನನಗೂ ಎಸೆಯೋಣ ಅನ್ನಿಸ್ತು. ಆಮೇಲೆ ಹೊಳೀತು: ಬೀಳೋ ಮೊಟ್ಟೆ ನೋಡಬಾರದು, ಟಿಕ್ ಟಿಕ್ ಸದ್ದು ಕೇಳಬೇಕು. ಒರಳಲ್ಲಿ ರುಬ್ಬುವಾಗ ಸದ್ದು ಕೇಳದೆ ಗುಂಡನ್ನೇ ನೋಡ್ತಾ ಹಿಟ್ಟು ತಳ್ಳಿದರೆ ಬೆರಳು ಜಜ್ಜಿಹೋಗಲ್ವಾ, ಹಾಗೇ.

ಈಗ ಅದರಲ್ಲಿ ಸೊನ್ನೆ ಕಂಡರೆ ನಗಬೇಡಿ. ಒಂಬೈನೂರ ತೊಂಬತ್ತೊಂಬತ್ತು ದಾಟಿದ ಮೇಲೆ ತೋರಿಸೋಕೆ ಅದರ ಹತ್ತಿರ ಅಂಕಿಯೇ ಇಲ್ಲ, ಮತ್ತೆ ಸೊನ್ನೆಗೇ ಬರುತ್ತೆ! ಅತ್ತೆನ ಕೇಳಿ, ಪಕ್ಕದಲ್ಲೇ ಕೂತಿದ್ದರು.

ಗೆದ್ದಾಯ್ತು, ನಾನೂ ಆಟ ಬಿಟ್ಟೆ. ಗೇಮು ಅಕ್ಕಿ ಡಬ್ಬದಲ್ಲೇ ಇದೆ. ಅನ್ನಕ್ಕೆ ಅಕ್ಕಿ ತೆಗೀವಾಗ ಕೈಗೆ ಸಿಗುತ್ತೆ.

ನಾರಾಯಣಮ್ಮ